ಚೀಟಿಯಲ್ಲಿ ಇಲ್ಲದ ಸಾಮಾನು ಚೀಲದೊಳಗೆ ಬಂದದ್ದು ಹೇಗೆ?

ಅಂಗಡಿಯ ಜೋಡಣೆಯ ಹಿಂದಿರುವ ವಿಜ್ಞಾನ



ಅಮ್ಮ ಬರೆದುಕೊಟ್ಟ ಚೀಟಿಯಲ್ಲಿ ಏಳು ಸಾಮಾನು ಉಂಟು ಎಂದುಕೊಳ್ಳಿ. ಅಕ್ಕಿ, ತೊಗರಿಬೇಳೆ, ಸಕ್ಕರೆ, ತೆಂಗಿನೆಣ್ಣೆ, ಚಹಾಪುಡಿ, ಸಾಸಿವೆ, ಸಾಬೂನು. ಮನೆ ಹತ್ತಿರದ ದಿನಸಿ ಅಂಗಡಿಗೆ ಹೋದರೆ ಸಾಮಾನ್ಯವಾಗಿ ಏಳೇ ಸಾಮಾನು ತರುತ್ತೀರಿ. ಅದೇ ಚೀಟಿ ಹಿಡಿದುಕೊಂಡು ಪೇಟೆಯ ಸೂಪರ್ ಮಾರ್ಕೆಟ್‌ಗೆ ಹೋದರೆ? ಬಿಲ್ಲಿನಲ್ಲಿ ಹತ್ತೋ ಹನ್ನೊಂದೋ ಸಾಲು ಇರುತ್ತದೆ. ಒಂದು ಬಿಸ್ಕೆಟ್ ಪೊಟ್ಟಣ, ಒಂದು ಚಾಕೊಲೇಟ್, ಎರಡು ಕೊಂಡರೆ ಒಂದು ಉಚಿತ ಎಂದು ಬರೆದಿದ್ದ ಯಾವುದೋ ನೂಡಲ್ಸ್. ಇದನ್ನೆಲ್ಲ ಯಾರೂ ಒತ್ತಾಯ ಮಾಡಿ ಕೊಟ್ಟದ್ದಲ್ಲ. ನಾವೇ ಕೈ ಚಾಚಿ ತೆಗೆದದ್ದು. ಹಾಗಾದರೆ ನಮ್ಮ ಕೈ ಅತ್ತ ಹೋಗುವಂತೆ ಮಾಡಿದ್ದು ಯಾವುದು?

"ಆಸೆ ಸಾರ್!" ಎಂದು ತರಗತಿಯಲ್ಲಿ ಕೂಡಲೇ ಉತ್ತರ ಬರುತ್ತದೆ. ಸರಿ, ಆದರೆ ಆಸೆ ದಿನಸಿ ಅಂಗಡಿಯಲ್ಲೂ ಇತ್ತಲ್ಲ! ಅದೇ ಮನುಷ್ಯ, ಅದೇ ಚೀಟಿ, ಜೇಬಿನಲ್ಲಿ ಅಷ್ಟೇ ಹಣ. ಬದಲಾದದ್ದು ಅಂಗಡಿ. ಅದರಲ್ಲೂ ಮುಖ್ಯವಾಗಿ, ಸಾಮಾನುಗಳನ್ನು ಎಲ್ಲಿ, ಹೇಗೆ ಇಟ್ಟಿದ್ದಾರೆ ಎಂಬ ಜೋಡಣೆ. ಈ ಜೋಡಣೆ ನಮ್ಮ ಕಣ್ಣು, ಕಿವಿ, ತೋಳು, ಕಾಲುಗಳ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ. ನೀವು ಪಾಠದಲ್ಲಿ ಓದಿದ ಬಲ, ಘರ್ಷಣೆ, ಬೆಳಕು, ಸಾಂದ್ರತೆ ಎಲ್ಲವೂ ಇಲ್ಲಿ ಎದುರಾಗುತ್ತವೆ.

ಮೇಜಿನ ಆಚೆ, ಮೇಜಿನ ಈಚೆ

ಹಳೆಯ ನಮೂನೆಯ ದಿನಸಿ ಅಂಗಡಿಯನ್ನು ನೆನಪು ಮಾಡಿಕೊಳ್ಳಿ. ಎದುರಿಗೆ ಒಂದು ಉದ್ದ ಮೇಜು. ಆಚೆ ಅಂಗಡಿಯವರು, ತಕ್ಕಡಿ, ಗೋಣಿಚೀಲ, ಡಬ್ಬಿಗಳ ಸಾಲು. ಈಚೆ ನಾವು. "ಅಣ್ಣಾ, ಅರ್ಧ ಕಿಲೋ ಸಕ್ಕರೆ" ಅಂತ ನಾವು ಕೇಳಬೇಕು, ಅವರು ತೂಗಿ ಕಟ್ಟಿಕೊಡಬೇಕು. ಚೀಟಿಯಲ್ಲಿ ಇಲ್ಲದ್ದು ಬೇಕೆನಿಸಿದರೆ ಬಾಯಿಬಿಟ್ಟು ಕೇಳಬೇಕು. ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಲೆಕ್ಕವೂ ನಮ್ಮ ಕಣ್ಣೆದುರಿಗೇ ಕಾಗದದ ಮೇಲೆ ಬೆಳೆಯುತ್ತಾ ಹೋಗುತ್ತದೆ. ರೇಷನ್ ಅಂಗಡಿಯಲ್ಲಿ ಈಗಲೂ ಹೆಚ್ಚುಕಡಿಮೆ ಇದೇ ಕ್ರಮ.

ನೂರಹತ್ತು ವರ್ಷಗಳ ಹಿಂದೆ ಅಮೆರಿಕದ ದಿನಸಿ ಅಂಗಡಿಗಳೂ ಹೀಗೇ ಇದ್ದವು. ಅದನ್ನು ಬದಲಿಸಿದವರು ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ. 1916ರ ಸೆಪ್ಟೆಂಬರ್ 6ರಂದು ಟೆನೆಸ್ಸೀ ರಾಜ್ಯದ ಮೆಂಫಿಸ್ ನಗರದಲ್ಲಿ ಅವರು ಒಂದು ಅಂಗಡಿ ತೆರೆದರು. ಹೆಸರೂ ತಮಾಷೆಯದೇ, ಪಿಗ್ಲಿ ವಿಗ್ಲಿ. ಅಲ್ಲಿ ಉದ್ದ ಮೇಜು ಇರಲಿಲ್ಲ. ಗಿರಾಕಿ ಬಾಗಿಲಲ್ಲಿ ತಿರುಗುವ ಗೇಟು ದಾಟಿ ಒಳಗೆ ಬಂದು, ಒಂದು ಬುಟ್ಟಿ ತೆಗೆದುಕೊಂಡು, ಕಪಾಟುಗಳ ನಡುವಿನ ಓಣಿಯಲ್ಲಿ ನಡೆಯಬೇಕು. ಬೇಕಾದ್ದನ್ನು ತಾನೇ ತೆಗೆದು ಬುಟ್ಟಿಗೆ ಹಾಕಬೇಕು. ಪ್ರತಿ ಸಾಮಾನಿಗೂ ಬೆಲೆ ಬರೆದು ಹಚ್ಚಿತ್ತು. ದಾರಿ ಮಾತ್ರ ಒಂದೇ. ಅದು ಅಂಗಡಿಯ ಒಳಗೆಲ್ಲ ಸುತ್ತಿ ಕೊನೆಗೆ ಹಣ ಕೊಡುವ ಜಾಗಕ್ಕೆ ಬರುತ್ತಿತ್ತು. ಸಾಸಿವೆ ಮಾತ್ರ ಬೇಕಾಗಿದ್ದವರೂ ಉಳಿದ ಕಪಾಟುಗಳನ್ನೆಲ್ಲ ನೋಡಿಕೊಂಡೇ ಹೊರಗೆ ಹೋಗಬೇಕಿತ್ತು.

ಈ ಏರ್ಪಾಟಿಗೆ ಸಾಂಡರ್ಸ್ 1917ರಲ್ಲಿ ಪೇಟೆಂಟ್ ಪಡೆದರು. ಪೇಟೆಂಟ್ ಎಂದರೆ ಹೊಸ ಯಂತ್ರಕ್ಕೆ, ಹೊಸ ಔಷಧಿಗೆ ಸಿಗುವಂಥದ್ದು ಎಂದು ನಾವು ತಿಳಿದಿರುತ್ತೇವೆ. ಇಲ್ಲಿ ಅದು ಸಿಕ್ಕಿದ್ದು ಕಪಾಟು, ಓಣಿ, ಗೇಟುಗಳ ಜೋಡಣೆಗೆ. ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಪಿಗ್ಲಿ ವಿಗ್ಲಿ ಅಂಗಡಿಗಳಾದವು. ಗಿರಾಕಿಗಳಿಗೂ ಲಾಭವಿತ್ತು. ಎತ್ತಿಕೊಡುವ ಕೆಲಸದವರು ಕಡಿಮೆ ಸಾಕಾದ್ದರಿಂದ ಖರ್ಚು ಇಳಿಯಿತು, ಅದರಿಂದ ಬೆಲೆಯನ್ನೂ ಇಳಿಸಲು ಸಾಧ್ಯವಾಯಿತು. ಎರಡು ಸಾಮಾನನ್ನು ಪಕ್ಕಪಕ್ಕದಲ್ಲಿ ನೋಡಿ ಹೋಲಿಸಲು ಬಂತು.

ಒಂದು ದೊಡ್ಡ ಬದಲಾವಣೆಯನ್ನು ಮಾತ್ರ ಗಮನಿಸಿ. ಮೊದಲಿನದು ಕೇಳುವ ಅಂಗಡಿ, ಇದು ನೋಡುವ ಅಂಗಡಿ. ಕೇಳುವ ಅಂಗಡಿಯಲ್ಲಿ "ಇನ್ನು ಸಾಕು" ಎಂದು ನೆನಪಿಸುವ ಸೂಚನೆಗಳು ತಾವಾಗಿಯೇ ಇದ್ದವು. ಬಾಯಿಬಿಟ್ಟು ಕೇಳಬೇಕಾದ ಸಂಕೋಚ, ಕಾಗದದ ಮೇಲೆ ಬೆಳೆಯುವ ಲೆಕ್ಕ, ಕೈಯಲ್ಲಿ ಜಗ್ಗುವ ಚೀಲ. ನೋಡುವ ಅಂಗಡಿಯಲ್ಲಿ ಈ ಸೂಚನೆಗಳು ಒಂದೊಂದಾಗಿ ಕಡಿಮೆಯಾದವು. ಹೇಗೆ ಎಂದು ನೋಡೋಣ.

ತೋಳು ಎಂಬ ತಕ್ಕಡಿ

ಅಮೆರಿಕದ ಒಕ್ಲಹೋಮಾ ನಗರದಲ್ಲಿ ಸಿಲ್ವನ್ ಗೋಲ್ಡ್‌ಮನ್ ಎಂಬವರ ದಿನಸಿ ಮಳಿಗೆಗಳಿದ್ದವು. ಅವರು ಒಂದು ವಿಷಯ ಗಮನಿಸಿದರು. ಕೈಬುಟ್ಟಿ ಭಾರವಾದ ಕೂಡಲೇ ಜನ ಖರೀದಿ ನಿಲ್ಲಿಸಿಬಿಡುತ್ತಾರೆ. 1937ರಲ್ಲಿ ಅವರು ಮಡಚುವ ಕುರ್ಚಿಯ ಮಾದರಿಯಲ್ಲಿ ಒಂದು ಚೌಕಟ್ಟು ಮಾಡಿಸಿ, ಅದಕ್ಕೆ ಎರಡು ಬುಟ್ಟಿ, ಕೆಳಗೆ ಚಕ್ರ ಜೋಡಿಸಿದರು. ಅದೇ ತಳ್ಳುವ ಗಾಡಿ, ಇಂದಿನ ಟ್ರಾಲಿ. ಮೊದಮೊದಲು ಜನ ಅದನ್ನು ಮುಟ್ಟಲಿಲ್ಲವಂತೆ. ಗೋಲ್ಡ್‌ಮನ್ ತಾವೇ ಹೇಳಿಕೊಂಡ ಪ್ರಕಾರ, ಬೇರೆ ಬೇರೆ ವಯಸ್ಸಿನ ಕೆಲವರಿಗೆ ಸಂಬಳ ಕೊಟ್ಟು, ಗಿರಾಕಿಗಳ ಹಾಗೆ ಗಾಡಿ ತಳ್ಳಿಕೊಂಡು ಓಡಾಡಿಸಿದರು. ಅವರನ್ನು ನೋಡಿ ಉಳಿದವರೂ ತಳ್ಳತೊಡಗಿದರು.

ಇದರ ಭೌತವಿಜ್ಞಾನ ಸರಳ. 10 ಕಿಲೋ ಸಾಮಾನಿನ ಬುಟ್ಟಿಯನ್ನು ಕೈಯಲ್ಲಿ ಹಿಡಿದರೆ ತೋಳು ಮೇಲ್ಮುಖವಾಗಿ 10 × 9.8, ಅಂದರೆ 98 ನ್ಯೂಟನ್ ಬಲ ಕೊಡುತ್ತಲೇ ಇರಬೇಕು. ಸಮತಟ್ಟಾದ ನೆಲದಲ್ಲಿ ಹೊರೆ ಹಿಡಿದು ನಡೆದರೆ ಆ ಮೇಲ್ಮುಖ ಬಲ ಮಾಡಿದ ಕೆಲಸ ಸೊನ್ನೆ ಎಂದು ಒಂಬತ್ತನೇ ತರಗತಿಯಲ್ಲಿ ಓದಿದ್ದೀರಿ. ಲೆಕ್ಕದಲ್ಲಿ ಸೊನ್ನೆ ಹೌದು, ಆದರೆ ತೋಳಿನ ಸ್ನಾಯುಗಳು ಸುಮ್ಮನಿರುವುದಿಲ್ಲ. ಅದರ ಎಳೆಗಳು ಸಂಕುಚಿಸುತ್ತಲೇ ಇದ್ದು ಶಕ್ತಿ ಖರ್ಚು ಮಾಡುತ್ತವೆ. ಆದ್ದರಿಂದ ಕೈ ಸೋಲುತ್ತದೆ. ಅದೇ ಸಾಮಾನನ್ನು ಗಾಡಿಗೆ ಹಾಕಿದಾಗ ಭಾರವನ್ನು ಹೊರುವುದು ನೆಲ. ನಾವು ಉರುಳು ಘರ್ಷಣೆಯನ್ನು ಮೀರುವಷ್ಟು ತಳ್ಳಿದರೆ ಸಾಕು. ನಯವಾದ ನೆಲದಲ್ಲಿ ಒಳ್ಳೆಯ ಚಕ್ರವಿದ್ದರೆ ಅದಕ್ಕೆ ಕೆಲವೇ ನ್ಯೂಟನ್ ಬಲ ಬೇಕು.

ಇದು ದೊಡ್ಡ ಉಪಕಾರ. ವಯಸ್ಸಾದವರು, ಮಗುವನ್ನು ಎತ್ತಿಕೊಂಡು ಬಂದ ತಾಯಂದಿರು, ತಿಂಗಳ ಸಾಮಾನನ್ನು ಒಟ್ಟಿಗೇ ಒಯ್ಯುವವರು, ಎಲ್ಲರಿಗೂ ಗಾಡಿ ಬೇಕು. ಆದರೆ ಗಾಡಿ ಬಂದಾಗ ಒಂದು ಸೂಚನೆ ಹೋಯಿತು. ನಮ್ಮ ತೋಳು ಒಂದು ತಕ್ಕಡಿಯ ಹಾಗೆ ಕೆಲಸ ಮಾಡುತ್ತಿತ್ತು, "ಇಷ್ಟಾಯಿತು ನೋಡು" ಎಂದು ಹೇಳುತ್ತಿತ್ತು. ಚಕ್ರ ಬಂದ ಮೇಲೆ ಆ ತಕ್ಕಡಿ ಸುಮ್ಮನಾಯಿತು. ಇನ್ನೊಂದು ಸಂಗತಿಯೂ ಉಂಟು. ಗಾಡಿ ದೊಡ್ಡದಾಗಿದ್ದರೆ ಏಳು ಸಾಮಾನು ಅದರ ತಳದಲ್ಲಿ ಒಂದು ಮೂಲೆಗೆ ಸೇರಿಹೋಗುತ್ತದೆ. ನೋಡಿದರೆ ಇನ್ನೂ ಏನೂ ಕೊಂಡೇ ಇಲ್ಲ ಅನ್ನುವ ಹಾಗೆ ಕಾಣುತ್ತದೆ.

ಸೀರೆಯನ್ನು ಬಾಗಿಲ ಹತ್ತಿರ ಒಯ್ಯುವುದು ಯಾಕೆ?

ಜವಳಿ ಅಂಗಡಿಯಲ್ಲಿ ನಮ್ಮ ಅಜ್ಜಿಯಂದಿರು ಮಾಡುವ ಒಂದು ಕೆಲಸ ನೋಡಿದ್ದೀರಾ? ಸೀರೆ ಆರಿಸಿದ ಮೇಲೆ ಅದನ್ನು ಬಾಗಿಲ ಹತ್ತಿರ ತಂದು ಬಿಸಿಲ ಬೆಳಕಿನಲ್ಲಿ ಒಮ್ಮೆ ಬಿಡಿಸಿ ನೋಡುತ್ತಾರೆ. ಇದು ಪಕ್ಕಾ ವೈಜ್ಞಾನಿಕ ಪರೀಕ್ಷೆ.

ಬಟ್ಟೆಗೆ ತನ್ನದೇ ಬೆಳಕು ಇಲ್ಲ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಕೆಲವು ಬಣ್ಣಗಳನ್ನು ಹೀರಿ, ಉಳಿದದ್ದನ್ನು ಪ್ರತಿಫಲಿಸುತ್ತದೆ. ಸೂರ್ಯನ ಬೆಳಕಿನಲ್ಲಿ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಧಾರಾಳವಾಗಿವೆ. ಹಳೆಯ ಸಾದಾ ಬಲ್ಬಿನಲ್ಲಿ ಕೆಂಪು ಹಳದಿ ಹೆಚ್ಚು, ನೀಲಿ ಕಡಿಮೆ. ಸಾಮಾನ್ಯ ಬಿಳಿ ಎಲ್‌ಇಡಿ ದೀಪವಾದರೋ, ಒಳಗೆ ನೀಲಿ ಬೆಳಕು ಕೊಡುವ ಚಿಪ್ಪು, ಅದರ ಮೇಲೆ ಹಳದಿ ಬೆಳಕು ಕೊಡುವ ಲೇಪ. ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ. ಆದರೆ ಅಗ್ಗದ ದೀಪಗಳಲ್ಲಿ ಗಾಢ ಕೆಂಪು ಕಡಿಮೆ ಇರುತ್ತದೆ. ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಬಟ್ಟೆ ಪ್ರತಿಫಲಿಸುವುದಾದರೂ ಹೇಗೆ?

ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರೇ ಬಗೆ. ಆದ್ದರಿಂದ ಎರಡು ಬೇರೆ ಬೇರೆ ಬಣ್ಣದ್ರವ್ಯ ಹಾಕಿದ ಬಟ್ಟೆಗಳು ಒಂದು ದೀಪದ ಕೆಳಗೆ ಒಂದೇ ಬಣ್ಣದವಾಗಿ ಕಂಡು, ಬಿಸಿಲಿಗೆ ಬಂದಾಗ ಬೇರೆ ಬೇರೆಯಾಗಿ ಕಾಣಬಹುದು. ಇದಕ್ಕೆ ಮೆಟಾಮೆರಿಸಂ ಎಂದು ಹೆಸರು. ಸೀರೆಗೂ ರವಿಕೆ ಕಣಕ್ಕೂ ಅಂಗಡಿಯಲ್ಲಿ ಹೊಂದಿಕೊಂಡ ಬಣ್ಣ ಮನೆಯ ಅಂಗಳದಲ್ಲಿ ಹೊಂದದಿರುವುದು ಇದರಿಂದಲೇ.

ತರಕಾರಿ, ಹಣ್ಣಿನ ವಿಷಯದಲ್ಲೂ ಇದೇ ನಿಯಮ. ಕೆಂಪು ಹೆಚ್ಚಿರುವ ದೀಪದ ಕೆಳಗೆ ಟೊಮೆಟೊ, ಸೇಬು ಹೆಚ್ಚು ಕೆಂಪಾಗಿ ಕಾಣುತ್ತವೆ. ಕಿತ್ತಳೆಯನ್ನು ಕಿತ್ತಳೆ ಬಣ್ಣದ ಬಲೆಚೀಲದಲ್ಲಿ ಹಾಕಿಟ್ಟರೆ ಹಣ್ಣಿನ ಬಣ್ಣ ಇನ್ನಷ್ಟು ಗಾಢವಾಗಿ ಕಾಣುತ್ತದೆ. ಹಣ್ಣು ಬದಲಾಗಲಿಲ್ಲ, ಕಣ್ಣಿಗೆ ಬಂದ ಬೆಳಕು ಬದಲಾಯಿತು ಅಷ್ಟೇ.

ಜವಳಿ ಅಂಗಡಿಯ ಗೋಡೆ ತುಂಬ ಕನ್ನಡಿ ಇರುವುದನ್ನೂ ಗಮನಿಸಿ. ಸಮತಲ ದರ್ಪಣದಲ್ಲಿ ಬಿಂಬವು ವಸ್ತು ಎಷ್ಟು ಮುಂದಿದೆಯೋ ಅಷ್ಟೇ ಹಿಂದೆ ಕಾಣುತ್ತದೆ. ಆದ್ದರಿಂದ 4 ಮೀಟರ್ ಅಗಲದ ಅಂಗಡಿ ನೋಡುವವರಿಗೆ 8 ಮೀಟರ್ ಅಗಲ ಇದ್ದ ಹಾಗೆ ತೋರುತ್ತದೆ. ಕಪಾಟಿನಲ್ಲಿರುವ ಬಟ್ಟೆಯೂ ಎರಡರಷ್ಟಾಗಿ ಕಾಣುತ್ತದೆ.

ಯಾರ ಕಣ್ಣಿನ ಎತ್ತರ?

160 ಸೆಂಟಿಮೀಟರ್ ಎತ್ತರದ ಒಬ್ಬರ ಕಣ್ಣು ನೆಲದಿಂದ ಸುಮಾರು 150 ಸೆಂಟಿಮೀಟರ್ ಮೇಲಿರುತ್ತದೆ. ನಡೆಯುತ್ತಾ ನೋಡುವಾಗ ದೃಷ್ಟಿ ಸ್ವಲ್ಪ ಕೆಳಮುಖವಾಗಿರುತ್ತದೆ. ಆದ್ದರಿಂದ ಕಣ್ಣಿನ ಮಟ್ಟದಿಂದ ಎದೆಯ ಮಟ್ಟದವರೆಗೆ ಇರುವ ಕಪಾಟುಗಳು ಮೊದಲು ಕಾಣುತ್ತವೆ, ಅಲ್ಲಿಗೆ ಕೈಯೂ ಸುಲಭವಾಗಿ ಹೋಗುತ್ತದೆ. ತೀರಾ ಕೆಳಗಿನದನ್ನು ನೋಡಲು ಬಗ್ಗಬೇಕು, ತೀರಾ ಮೇಲಿನದಕ್ಕೆ ಕತ್ತೆತ್ತಬೇಕು. ಆ ನಡುವಿನ ಜಾಗಕ್ಕೆ ಎಷ್ಟು ಬೆಲೆ ಎಂದರೆ, ತಮ್ಮ ಸಾಮಾನು ಅಲ್ಲೇ ಇರಲಿ ಎಂದು ಕಂಪನಿಗಳು ದೊಡ್ಡ ಮಳಿಗೆಗಳಿಗೆ ಹಣ ಕೊಡುವುದೂ ಉಂಟು.

ಈಗ ಆರು ವರ್ಷದ ಒಂದು ಮಗುವನ್ನು ತೆಗೆದುಕೊಳ್ಳಿ. ಎತ್ತರ ಸುಮಾರು 115 ಸೆಂಟಿಮೀಟರ್ ಇದ್ದರೆ ಕಣ್ಣು ನೆಲದಿಂದ ಒಂದು ಮೀಟರಿಗಿಂತ ಸ್ವಲ್ಪ ಮೇಲೆ. ಆ ಮಟ್ಟದಲ್ಲಿ ಯಾವ ಸಾಮಾನು ಇದೆ ಎಂದು ಮುಂದಿನ ಸಲ ಹೋದಾಗ ನೋಡಿ. ಆಟಿಕೆ ಇರುವ ಮಿಠಾಯಿ ಡಬ್ಬಿ, ಕಾರ್ಟೂನ್ ಚಿತ್ರದ ಪೊಟ್ಟಣ ಅಲ್ಲೇ ಇದ್ದರೆ ಅದು ಆಕಸ್ಮಿಕ ಇರಲಾರದು.

ಹಾಲು ಹಿಂದಿನ ಗೋಡೆಯ ಹತ್ತಿರ ಯಾಕೆ?

ದೊಡ್ಡ ಮಳಿಗೆಗಳಲ್ಲಿ ಹಾಲು, ಮೊಸರು ಬಹಳ ಸಲ ತೀರಾ ಹಿಂದಿನ ಗೋಡೆಯ ಹತ್ತಿರ ಇರುತ್ತವೆ. ಇದಕ್ಕೆ ಎರಡು ವಿವರಣೆ ಕೊಡುತ್ತಾರೆ. ಒಂದು, ಹಾಲು ಎಲ್ಲರಿಗೂ ಬೇಕಾದದ್ದು, ಅದನ್ನು ಹಿಂದೆ ಇಟ್ಟರೆ ಗಿರಾಕಿ ಇಡೀ ಅಂಗಡಿ ದಾಟಿ ಹೋಗಬೇಕು, ದಾರಿಯಲ್ಲಿ ಬೇರೆ ಸಾಮಾನೂ ಕಾಣುತ್ತದೆ. ಇನ್ನೊಂದು, ಹಾಲು ತಂಪಾಗಿಯೇ ಇರಬೇಕು, ಲಾರಿಯಿಂದ ಇಳಿಸುವ ಜಾಗ ಮತ್ತು ಶೀತಲ ಕೋಣೆ ಹಿಂದೆಯೇ ಇರುವುದರಿಂದ ಅಲ್ಲೇ ಇಡುವುದು ಅನುಕೂಲ. ಯಾವುದು ಸರಿ? ಎರಡೂ ಒಟ್ಟಿಗೆ ಸರಿಯಾಗಿರಬಹುದು. ನಮ್ಮ ಊರಿನ ಸಣ್ಣ ಅಂಗಡಿಗಳಲ್ಲಿ ಹಾಲಿನ ಫ್ರಿಜ್ ಬಾಗಿಲ ಹತ್ತಿರವೇ ಇರುವುದೂ ಉಂಟು. ಬೆಳಗ್ಗೆ ಓಡಿಬಂದು ಒಂದು ಪ್ಯಾಕೆಟ್ ಒಯ್ಯುವವರಿಗೆ ಅದೇ ಅನುಕೂಲ. ಒಂದು ಜೋಡಣೆಗೆ ಒಂದೇ ಕಾರಣ ಎಂದು ತೀರ್ಮಾನಿಸಬಾರದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಐಸ್‌ಕ್ರೀಮಿನ ಪೆಟ್ಟಿಗೆಯಲ್ಲೂ ವಿಜ್ಞಾನವಿದೆ. ಕೆಲವು ಮಳಿಗೆಗಳಲ್ಲಿ ಅದರ ಬಾಯಿ ಮೇಲ್ಮುಖವಾಗಿ ತೆರೆದೇ ಇರುತ್ತದೆ, ಆದರೂ ಒಳಗಿನದು ಕರಗುವುದಿಲ್ಲ. 30 ಡಿಗ್ರಿ ಸೆಲ್ಸಿಯಸ್ ಇರುವ ಒಂದು ಘನ ಮೀಟರ್ ಗಾಳಿಯ ದ್ರವ್ಯರಾಶಿ ಸುಮಾರು 1.16 ಕಿಲೋಗ್ರಾಂ. ಮೈನಸ್ 18 ಡಿಗ್ರಿಯಲ್ಲಿ ಅದು ಸುಮಾರು 1.38 ಕಿಲೋಗ್ರಾಂ. ತಣ್ಣನೆಯ ಗಾಳಿಯ ಸಾಂದ್ರತೆ ಹೆಚ್ಚು, ಆದ್ದರಿಂದ ಅದು ನೀರು ತೊಟ್ಟಿಯಲ್ಲಿ ನಿಂತ ಹಾಗೆ ಪೆಟ್ಟಿಗೆಯೊಳಗೆ ನಿಲ್ಲುತ್ತದೆ. ಎದುರು ಬಾಗಿಲಿನ ಫ್ರಿಜ್ ತೆರೆದಾಗ ಮಾತ್ರ ತಂಪು ಗಾಳಿ ಕೆಳಗಿನಿಂದ ಹೊರಗೆ ಸುರಿದುಹೋಗುತ್ತದೆ. ನಿಮ್ಮ ಪಾದಕ್ಕೆ ಅದು ತಾಗಿರಬಹುದು. ಮುಚ್ಚಳವಿಲ್ಲದ ಪೆಟ್ಟಿಗೆಯಲ್ಲಿ ಐಸ್‌ಕ್ರೀಂಗೂ ಕೈಗೂ ನಡುವೆ ಏನೂ ಅಡ್ಡ ಇರುವುದಿಲ್ಲ. ವ್ಯಾಪಾರಕ್ಕೆ ಅದೂ ಅನುಕೂಲವೇ. ಆದರೆ ಮುಚ್ಚಳ ಇದ್ದರೆ ವಿದ್ಯುತ್ ಉಳಿಯುತ್ತದೆ.

ಹಾಡು, ಹೆಜ್ಜೆ ಮತ್ತು ಎರಡು ಪ್ರಯೋಗಗಳು

ಅಂಗಡಿಯಲ್ಲಿ ಮೆಲ್ಲಗೆ ಹಾಡು ಹಾಕಿರುತ್ತಾರೆ. ಅದರಿಂದ ಏನಾದರೂ ಆಗುತ್ತದೆಯೇ? ರೊನಾಲ್ಡ್ ಮಿಲ್ಲಿಮನ್ ಎಂಬ ಸಂಶೋಧಕರು ಅಮೆರಿಕದ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಇದನ್ನು ಪರೀಕ್ಷಿಸಿ 1982ರಲ್ಲಿ ಪ್ರಕಟಿಸಿದರು. ಕೆಲವು ದಿನ ನಿಮಿಷಕ್ಕೆ 72 ತಾಳ ಅಥವಾ ಅದಕ್ಕಿಂತ ನಿಧಾನದ ಸಂಗೀತ, ಕೆಲವು ದಿನ 94 ತಾಳ ಅಥವಾ ಅದಕ್ಕಿಂತ ವೇಗದ ಸಂಗೀತ. ನಿಧಾನದ ಸಂಗೀತ ಇದ್ದಾಗ ಜನರ ನಡಿಗೆಯೂ ನಿಧಾನವಾಯಿತು. ವೇಗದ ಸಂಗೀತದ ದಿನಗಳಿಗಿಂತ ಮಾರಾಟ ಸುಮಾರು ಶೇ. 38ರಷ್ಟು ಹೆಚ್ಚಾಗಿತ್ತು. ನಿಧಾನವಾಗಿ ನಡೆದರೆ ಕಪಾಟು ನೋಡಲು ಹೆಚ್ಚು ಸಮಯ ಸಿಗುತ್ತದೆ.

ಇನ್ನೊಂದು ಪ್ರಯೋಗ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಅವರದು, 2000ದಲ್ಲಿ ಪ್ರಕಟವಾದದ್ದು. ಕ್ಯಾಲಿಫೋರ್ನಿಯಾದ ಒಂದು ಮಳಿಗೆಯಲ್ಲಿ ರುಚಿ ನೋಡಲು ಜಾಮ್ ಇಟ್ಟರು. ಒಮ್ಮೆ 24 ಬಗೆ, ಇನ್ನೊಮ್ಮೆ 6 ಬಗೆ. 24 ಬಗೆ ಇದ್ದಾಗ ಹಾದುಹೋಗುವವರಲ್ಲಿ ಶೇ. 60 ಮಂದಿ ನಿಂತರು, 6 ಬಗೆ ಇದ್ದಾಗ ಶೇ. 40. ಆದರೆ ನಿಂತವರ ಪೈಕಿ ಕೊಂಡವರು? 24 ಬಗೆ ಇದ್ದಾಗ ಶೇ. 3 ಮಾತ್ರ, 6 ಬಗೆ ಇದ್ದಾಗ ಶೇ. 30. ಆಯ್ಕೆ ಹೆಚ್ಚಾದರೆ ತಲೆ ಗೊಂದಲವಾಗಿ ಕೊಳ್ಳುವುದೇ ಬಿಟ್ಟುಹೋಗುತ್ತದೆ ಎಂದು ಎಲ್ಲರೂ ಹೇಳತೊಡಗಿದರು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಹತ್ತು ವರ್ಷಗಳ ನಂತರ, 2010ರಲ್ಲಿ, ಬೇರೆ ಸಂಶೋಧಕರು ಇಂಥ ಹಲವಾರು ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಬಂತು. ಕೆಲವು ಕಡೆ ಆಯ್ಕೆ ಹೆಚ್ಚಾದಾಗ ಮಾರಾಟ ಇಳಿದಿತ್ತು, ಕೆಲವು ಕಡೆ ಏರಿತ್ತು. ಆದ್ದರಿಂದ ಒಂದು ಮಳಿಗೆಯ ಒಂದು ಪ್ರಯೋಗವನ್ನು ಎಲ್ಲ ಊರಿಗೂ ಅನ್ವಯಿಸಬಾರದು. ಸಂಗೀತದ ಪ್ರಯೋಗಕ್ಕೂ ಇದೇ ಮಾತು. "ಶೇ. 38" ಎಂಬ ಅಂಕಿ ಆ ಅಂಗಡಿಯದು, ನಿಮ್ಮ ಊರಿನದಲ್ಲ. ಬೇರೆಯವರು ಮತ್ತೆ ಮತ್ತೆ ಮಾಡಿ ನೋಡಿದಾಗಲೂ ನಿಲ್ಲುವುದೇ ಗಟ್ಟಿಯಾದ ವಿಜ್ಞಾನ.

ಅಂಕಿಯ ಆಟ, ಗ್ರಾಂನ ಲೆಕ್ಕ

100 ರೂಪಾಯಿ ಎನ್ನುವ ಬದಲು 99 ರೂಪಾಯಿ ಎಂದು ಬರೆಯುತ್ತಾರೆ. ವ್ಯತ್ಯಾಸ ಒಂದೇ ರೂಪಾಯಿ. ಆದರೆ ನಾವು ಅಂಕಿಯನ್ನು ಎಡದಿಂದ ಓದುತ್ತೇವೆ, ಎಡಗಡೆಯ ಅಂಕಿಯೇ ಮೊದಲು ಮನಸ್ಸಿನಲ್ಲಿ ಕೂರುತ್ತದೆ. ಹಾಗಾಗಿ 499 ಎಂಬುದು "ನಾನೂರು ಚಿಲ್ಲರೆ" ಆಗಿ ಉಳಿಯುತ್ತದೆ, "ಐನೂರು" ಆಗುವುದಿಲ್ಲ.

ಪೊಟ್ಟಣದ ಗಾತ್ರ ಇನ್ನೊಂದು ಗೊಂದಲ. ಉದಾಹರಣೆಗೆ ಒಂದೇ ಚಹಾಪುಡಿ ಹೀಗೆ ಇದೆ ಎಂದುಕೊಳ್ಳಿ. 200 ಗ್ರಾಂಗೆ 96 ರೂಪಾಯಿ, 500 ಗ್ರಾಂಗೆ 220, ಒಂದು ಕಿಲೋಗೆ 450. ದೊಡ್ಡ ಪೊಟ್ಟಣವೇ ಅಗ್ಗ ಎಂದು ಕೈ ಅತ್ತ ಹೋಗುತ್ತದೆ. ಈಗ 100 ಗ್ರಾಂನ ಲೆಕ್ಕ ಮಾಡಿ. ಮೊದಲನೆಯದು 48 ರೂಪಾಯಿ, ಎರಡನೆಯದು 44, ಮೂರನೆಯದು 45. ಇಲ್ಲಿ ಅಗ್ಗವಾದದ್ದು ನಡುವಿನ ಪೊಟ್ಟಣ! ಸಾಂದ್ರತೆಯ ಲೆಕ್ಕದಲ್ಲಿ ಒಟ್ಟು ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸುತ್ತೀರಿ. ಇದೂ ಅದೇ ಬಗೆಯ ಭಾಗಾಕಾರ.

ಈ ಲೆಕ್ಕ ಈಗ ಪೊಟ್ಟಣದ ಮೇಲೆಯೇ ಅಚ್ಚಾಗಿರುತ್ತದೆ. ಎಂಆರ್‌ಪಿ ಹತ್ತಿರ ಯುನಿಟ್ ಸೇಲ್ ಪ್ರೈಸ್ ಅಥವಾ ಯುಎಸ್‌ಪಿ ಎಂದು ಬರೆದು, ಒಂದು ಗ್ರಾಂಗೆ ಅಥವಾ ಒಂದು ಮಿಲಿಲೀಟರಿಗೆ ಎಷ್ಟು ಎಂದು ಹಾಕಿರುತ್ತಾರೆ. ಒಂದು ಕಿಲೋ, ಒಂದು ಲೀಟರ್ ದಾಟಿದ್ದಾದರೆ ಕಿಲೋಗೆ, ಲೀಟರಿಗೆ ಎಷ್ಟು ಎಂದು ಇರುತ್ತದೆ. ಅಕ್ಷರ ಬಹಳ ಸಣ್ಣದು, ಆದರೆ ಇಡೀ ಪೊಟ್ಟಣದಲ್ಲಿ ತುಂಬ ಉಪಯೋಗದ ಅಂಕಿ ಅದು.

ಬಿಲ್ಲಿನ ಸಾಲಿನಲ್ಲಿ

ಮೂರು ಕೌಂಟರ್, ಮೂರು ಸಾಲು. "ನಾನು ನಿಂತ ಸಾಲೇ ಯಾವಾಗಲೂ ನಿಧಾನ" ಎಂದು ಎಲ್ಲರೂ ಗೊಣಗುತ್ತಾರೆ. ಅದು ಗ್ರಹಚಾರವಲ್ಲ, ಸಂಭವನೀಯತೆ. ಮೂರು ಸಾಲುಗಳಲ್ಲಿ ನಿಮ್ಮದೇ ಅತಿ ವೇಗದ್ದಾಗುವ ಸಂಭವನೀಯತೆ ಮೂರರಲ್ಲಿ ಒಂದು. ಅಂದರೆ ಮೂರರಲ್ಲಿ ಎರಡು ಸಲ ಬೇರೆ ಯಾವುದೋ ಸಾಲು ನಿಮ್ಮದಕ್ಕಿಂತ ಬೇಗ ಸಾಗುತ್ತದೆ. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಖಾಲಿಯಾದ ಕೌಂಟರಿಗೆ ಮುಂದಿನವರನ್ನು ಕಳಿಸಿದರೆ, ಒಂದು ಕೌಂಟರಿನಲ್ಲಿ ಯಂತ್ರ ಕೆಟ್ಟು ನಿಂತರೂ ಅದರ ಹಿಂದೆ ಯಾರೂ ಸಿಕ್ಕಿಬೀಳುವುದಿಲ್ಲ. ಕಾಯುವಿಕೆಯ ಇಂಥ ಗಣಿತಕ್ಕೆ ದಾರಿ ಹಾಕಿದವರಲ್ಲಿ ಒಬ್ಬರು ಡೆನ್ಮಾರ್ಕಿನ ಎರ್ಲಾಂಗ್. 1909ರಲ್ಲಿ ಅವರು ಲೆಕ್ಕ ಹಾಕಿದ್ದು ಟೆಲಿಫೋನ್ ಕರೆಗಳ ಬಗ್ಗೆ.

ಸಾಲಿನಲ್ಲಿ ನಿಂತಾಗ ಪಕ್ಕದಲ್ಲಿ ಏನಿರುತ್ತದೆ? ಚಾಕೊಲೇಟ್, ಮಿಠಾಯಿ, ಚಿಪ್ಸ್. ಬೇರೆ ಕೆಲಸವಿಲ್ಲದ ಕಣ್ಣು ಅಲ್ಲೇ ನಿಲ್ಲುತ್ತದೆ. ಇದರ ಪರಿಣಾಮವನ್ನು ಸರಕಾರಗಳೂ ಗಂಭೀರವಾಗಿ ತೆಗೆದುಕೊಂಡಿವೆ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ, ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ಹಲವು ಬಗೆಯ ತಿಂಡಿಗಳನ್ನು ದೊಡ್ಡ ಮಳಿಗೆಗಳಲ್ಲಿ ಬಾಗಿಲ ಬಳಿ, ಕಪಾಟು ಸಾಲಿನ ತುದಿಯಲ್ಲಿ, ಬಿಲ್ ಕೌಂಟರಿನ ಹತ್ತಿರ ಇಡುವ ಹಾಗಿಲ್ಲ. ತಿಂಡಿಯನ್ನು ನಿಷೇಧಿಸಲಿಲ್ಲ, ಇಡುವ ಜಾಗವನ್ನು ಮಾತ್ರ ಬದಲಿಸಿದರು.

ಓದಬೇಕಾದ ಅಂಗಡಿ

ಗಡಿ ಊರಿನವರಾದ ನಮಗೆ ಇನ್ನೊಂದು ವಿಷಯ ಮುಖ್ಯ. ಕೇಳುವ ಅಂಗಡಿಯಲ್ಲಿ ಅಕ್ಷರ ಬಾರದ ಅಜ್ಜಿಯೂ ಕನ್ನಡದಲ್ಲೋ ತುಳುವಿನಲ್ಲೋ "ಕುಚ್ಚಲಕ್ಕಿ ಎಷ್ಟಪ್ಪ? ಹೊಸತಾ ಹಳತಾ?" ಎಂದು ಕೇಳಿ, ಉತ್ತರ ಪಡೆದು, ಚೌಕಾಸಿ ಮಾಡಿ ಕೊಳ್ಳುತ್ತಿದ್ದರು. ನೋಡುವ ಅಂಗಡಿಯಲ್ಲಿ ಓದಲು ಬರಬೇಕು. ಬೋರ್ಡು ಕಾಸರಗೋಡಿನಲ್ಲಾದರೆ ಮಲಯಾಳದಲ್ಲಿ, ಹೊಸೂರಿನಲ್ಲಾದರೆ ತಮಿಳಿನಲ್ಲಿ, ಅಕ್ಕಲಕೋಟೆಯಲ್ಲಾದರೆ ಮರಾಠಿಯಲ್ಲಿ, ಮಡಕಶಿರದಲ್ಲಾದರೆ ತೆಲುಗಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ ಇರುವುದು ಸಾಮಾನ್ಯ. ಪೊಟ್ಟಣದ ಮೇಲಿನ ತೂಕ, ಬೆಲೆ, ತಯಾರಾದ ತಿಂಗಳು ಇವನ್ನು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಹಾಕಬೇಕೆಂದು ನಿಯಮ. ಬೇರೆ ಭಾಷೆ ಸೇರಿಸಬಹುದು, ಕಡ್ಡಾಯವಲ್ಲ. ಹೀಗೆ ಒಂದು ಮೇಜನ್ನು ತೆಗೆದುಹಾಕಿದಾಗ, ಮಾತಿನಿಂದ ಆಗುತ್ತಿದ್ದ ಕೆಲಸ ಅಕ್ಷರಕ್ಕೆ ಹೋಯಿತು. ಅಕ್ಷರ ಬಾರದವರು, ಆ ಭಾಷೆ ಬಾರದವರು ಅಂಗಡಿಯಲ್ಲಿ ಮೌನವಾದರು. ಅವಧಿ ಮೀರಿದ ಪೊಟ್ಟಣ ಮನೆಗೆ ಬಂದರೂ ಅವರಿಗೆ ಗೊತ್ತಾಗದು.

ನೀವು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡದ ಜೊತೆ ರಾಜ್ಯಭಾಷೆ, ಇಂಗ್ಲಿಷ್, ಹಿಂದಿ ಎಲ್ಲ ಓದುವವರು. ಆದ್ದರಿಂದ ಮನೆಯವರ ಜೊತೆ ಅಂಗಡಿಗೆ ಹೋದಾಗ ಪೊಟ್ಟಣದ ಹಿಂಬದಿಯನ್ನು ಓದಿ ಹೇಳುವ ಕೆಲಸ ನಿಮ್ಮದು. ತೂಕ ಎಷ್ಟು, ಗ್ರಾಂಗೆ ಎಷ್ಟು, ಯಾವ ದಿನದೊಳಗೆ ಬಳಸಬೇಕು. ಈ ಮೂರನ್ನು ಕನ್ನಡದಲ್ಲಿ ಹೇಳಿದರೆ ಅಜ್ಜಿಗೆ ಮತ್ತೆ ಪ್ರಶ್ನೆ ಕೇಳಲು ಆಗುತ್ತದೆ.

ಅಂಗಡಿಯವರನ್ನು ಕಳ್ಳರ ಹಾಗೆ ನೋಡಬೇಕೆಂದು ನಾನು ಹೇಳುತ್ತಿಲ್ಲ. ಸಾಮಾನು ಚೆನ್ನಾಗಿ ಕಾಣುವಂತೆ ಇಡುವುದು ವ್ಯಾಪಾರದ ಧರ್ಮವೇ. ಬೆಳಕು, ಅಗಲವಾದ ಓಣಿ, ತಂಪು ಪೆಟ್ಟಿಗೆ, ಗಾಡಿ ಎಲ್ಲದರಿಂದ ನಮಗೂ ಸುಖ ಉಂಟು. ಆದರೆ "ಸಾಕು" ಎಂದು ಹೇಳುತ್ತಿದ್ದ ಸೂಚನೆಗಳು ಹೋದ ಮೇಲೆ, ಆ ಕೆಲಸವನ್ನು ನಾವೇ ಮಾಡಬೇಕು. ಅದಕ್ಕೆ ಬೇಕಾದ ಉಪಕರಣಗಳು ದುಬಾರಿಯವಲ್ಲ. ಒಂದು ಚೀಟಿ, ಒಂದು ಪೆನ್ಸಿಲ್, ಸ್ವಲ್ಪ ಭಾಗಾಕಾರ.

ಮಾಡಿ ನೋಡಿ

1. ಒಂದು ಚೀಲದಲ್ಲಿ ಪುಸ್ತಕ ತುಂಬಿ ಸ್ಪ್ರಿಂಗ್ ತ್ರಾಸಿಗೆ ತೂಗುಹಾಕಿ, ಬಲ ಎಷ್ಟು ನ್ಯೂಟನ್ ಎಂದು ಬರೆಯಿರಿ. ಅದೇ ಚೀಲವನ್ನು ಚಕ್ರವಿರುವ ಆಟಿಕೆ ಗಾಡಿಯ ಮೇಲಿಟ್ಟು, ತ್ರಾಸಿನಿಂದ ಅಡ್ಡಕ್ಕೆ ಮೆಲ್ಲಗೆ ಎಳೆಯಿರಿ. ಎರಡು ಅಳತೆಗಳ ಅನುಪಾತ ಎಷ್ಟು?

2. ಕೆಂಪು, ನೀಲಿ, ಹಸಿರು ಬಟ್ಟೆಯ ತುಂಡುಗಳನ್ನು ಬಿಸಿಲಿನಲ್ಲಿ, ಟ್ಯೂಬ್‌ಲೈಟಿನಲ್ಲಿ, ಎಲ್‌ಇಡಿಯಲ್ಲಿ ನೋಡಿ. ಯಾವ ಬಣ್ಣ ಹೆಚ್ಚು ಬದಲಾಗುತ್ತದೆ?

3. ಅಂಗಡಿಯವರ ಒಪ್ಪಿಗೆ ಕೇಳಿ, ನೆಲದಿಂದ 50, 100, 150 ಸೆಂಟಿಮೀಟರ್ ಎತ್ತರದಲ್ಲಿ ಯಾವ ಯಾವ ಸಾಮಾನು ಇದೆ ಎಂದು ಪಟ್ಟಿ ಮಾಡಿ. ಯಾವುದು ಯಾರಿಗಾಗಿ ಇಟ್ಟದ್ದು ಎಂದು ಊಹಿಸಿ. ನಂತರ ಅಂಗಡಿಯವರನ್ನೇ ಕೇಳಿ, ನಿಮ್ಮ ಊಹೆಯ ಜೊತೆ ಹೋಲಿಸಿ.

4. ಮನೆಯಲ್ಲಿರುವ ಐದು ಪೊಟ್ಟಣಗಳಿಗೆ 100 ಗ್ರಾಂನ ಬೆಲೆ ಲೆಕ್ಕ ಮಾಡಿ. ಅಚ್ಚಾದ ಗ್ರಾಂ ಬೆಲೆಯ ಜೊತೆ ತಾಳೆ ನೋಡಿ.

5. ಒಂದು ತಿಂಗಳು ಚೀಟಿಯನ್ನೂ ಬಿಲ್ಲನ್ನೂ ಒಟ್ಟಿಗೆ ಪಿನ್ ಮಾಡಿ ಇಡಿ. ಚೀಟಿಯಲ್ಲಿ ಇಲ್ಲದೆ ಬಿಲ್ಲಿನಲ್ಲಿ ಇರುವ ಸಾಮಾನುಗಳ ಒಟ್ಟು ಬೆಲೆ ಎಷ್ಟು? ಅದರಲ್ಲಿ ನಿಜಕ್ಕೂ ಬಳಸಿದ್ದು ಎಷ್ಟು? ಈ ಎರಡು ಅಂಕಿಗಳನ್ನು ಮನೆಯವರಿಗೆ ತೋರಿಸಿ. ಬೇಕಾದ್ದು ಬೇಡವಾದ್ದು ಎಂದು ತೀರ್ಮಾನಿಸುವುದು ಅವರು, ಅಳತೆ ಮಾಡಿ ಕೊಡುವುದು ನೀವು.